ವಸಂತಕಾಲದಲ್ಲಿ ಹುಲ್ಲುಹಾಸು ಮತ್ತು ಕೈತೋಟದ ರಕ್ಷಣೆ: ಗೊಣ್ಣೆಹುಳುವಿನ ನಿವಾರಣಾ ಕ್ರಮಗಳು

ಪೀಠಿಕೆ.— ಬೆಳಗಾವಿಯ ರಾಮತೀರ್ಥ ನಗರವೇ ಮೊದಲಾದ ಬಡಾವಣೆಗಳಲ್ಲಿ ಮನೆಯ ಮುಂದೆ ಗರಿಕೆಯ ಹುಲ್ಲುಹಾಸನ್ನೂ ನಾಲ್ಕಾರು ಹೂಗಿಡಗಳನ್ನೂ ಬೆಳೆಸತಕ್ಕವರು ಚೈತ್ರ ವೈಶಾಖಗಳಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಒಂದು, ನೀರಿನ ಅಭಾವ. ಇನ್ನೊಂದು, ಮಳೆಗಾಲದಲ್ಲಿ ಬೇರುಗಳನ್ನು ತಿನ್ನುವ ಗೊಣ್ಣೆಹುಳು. ಮೊದಲನೆಯದು ಎಲ್ಲರಿಗೂ ಕಾಣುವುದು. ಎರಡನೆಯದು ಆಗ ಮಣ್ಣಿನೊಳಗೆ ಅಡಗಿರುವುದರಿಂದ ಯಾರ ಕಣ್ಣಿಗೂ ಬೀಳದು. ಈ ಹುಳುವು ಜಿಲ್ಲೆಯ ಕಬ್ಬು, ಶೇಂಗಾ ಬೆಳೆಗಳಿಗೂ ಶತ್ರು. ದುಂಬಿಗೆ ಮನೆಯ ಗೋಡೆಯು ಗಡಿಯಲ್ಲವಾದ್ದರಿಂದ ಒಬ್ಬರ ಅಂಗಳದ ಅಲಕ್ಷ್ಯವು ಇನ್ನೊಬ್ಬರ ಹೊಲದ ನಷ್ಟವಾಗುವುದು.

1. ಹುಳುವಿನ ಜೀವನಕ್ರಮ.— ಗೊಣ್ಣೆಹುಳುವನ್ನು ಮರಾಠಿಯಲ್ಲಿ ಹುಮಣಿ ಎನ್ನುವರು. ಇದು ಒಂದು ಬಗೆಯ ಕಂದು ದುಂಬಿಯ ಮರಿ. ಇದರಲ್ಲಿ ಹಲವು ಜಾತಿಗಳುಂಟು. ಮುಖ್ಯವಾದುದು ಹೊಲೋಟ್ರೈಕಿಯ ಸೆರೇಟ. ಭರಣಿಯಿಂದ ರೋಹಿಣಿಯವರೆಗಿನ ಮಳೆಗಳಲ್ಲಿ, ಅಂದರೆ ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದೊಳಗೆ, ನೆಲವು ಚೆನ್ನಾಗಿ ನೆನೆದ ಸಂಜೆ ದುಂಬಿಗಳು ಮೇಲೆದ್ದು ಬೇವು, ಜಾಲಿ, ಬೋರೆ ಮರಗಳಿಗೆ ಹಾರುವುವು. ರಾತ್ರಿ ಅಲ್ಲಿ ಕೂಡಿ, ಎಲೆಗಳನ್ನು ತಿಂದು, ಬೆಳಗಾಗುವ ಮುನ್ನ ಮಣ್ಣಿಗೆ ಮರಳುವುವು. ಹೆಣ್ಣು ದುಂಬಿಗಳು ತೇವವಾದ ಮಣ್ಣಿನಲ್ಲಿ ಮೊಟ್ಟೆಯಿಡುವುವು. ಸುಮಾರು ಹತ್ತು ದಿನಗಳಲ್ಲಿ ಮರಿಗಳು ಹೊರಟು, ಜುಲೈಯಿಂದ ಅಕ್ಟೋಬರಿನವರೆಗೆ ಬೇರುಗಳನ್ನು ತಿನ್ನುವುವು. ಅನಂತರ ಮಣ್ಣಿನಲ್ಲಿಯೇ ಕೋಶವಾಗಿ, ದುಂಬಿಯ ರೂಪವನ್ನು ತಾಳಿ, ಮುಂದಿನ ವರ್ಷದ ಮಳೆಯವರೆಗೆ ನಿಶ್ಚಲವಾಗಿರುವುವು.

2. ಗುರುತು.— ಹುಲ್ಲು ಅಲ್ಲಲ್ಲಿ ಹಳದಿಯಾದೊಡನೆ ಔಷಧವನ್ನು ಸುರಿಯುವುದು ತಪ್ಪು. ಹುಲ್ಲನ್ನು ಹಿಡಿದು ಎಳೆದು ನೋಡಬೇಕು. ಗಟ್ಟಿಯಾಗಿ ನಿಂತರೆ ಬೇರು ಉಳಿದಿದೆ. ವಸಂತದಲ್ಲಿ ಸಾಮಾನ್ಯವಾಗಿ ಇದು ನೀರಿನ ಕೊರತೆಯೇ. ಚಾಪೆಯಂತೆ ಸುಲಿದು ಬಂದು, ಕೆಳಗೆ ಕಂದು ತಲೆಯ, ಬಾಗಿದ ಮೈಯ ಬಿಳಿಯ ಹುಳುಗಳು ಕಂಡರೆ ಅದು ಗೊಣ್ಣೆಹುಳುವಿನ ಹಾವಳಿ. ಇದು ಹೆಚ್ಚಾಗಿ ಮಳೆಗಾಲದಲ್ಲಿ ಕಾಣುವುದು.

3. ದುಂಬಿಗಳನ್ನು ಹಿಡಿಯುವ ಕ್ರಮ.— ಮರಿಗಳು ಬಲಿತ ಮೇಲೆ ಯಾವ ಉಪಾಯವೂ ಪೂರ್ಣವಾಗಿ ಫಲಿಸದು. ಆದುದರಿಂದ ಮೊದಲ ದೊಡ್ಡ ಮಳೆಯಾದ ದಿನದಿಂದ ಕೆಲವು ರಾತ್ರಿ ಎಡೆಬಿಡದೆ ಈ ಕೆಲಸವನ್ನು ಮಾಡತಕ್ಕದ್ದು.

(ಅ) ಕತ್ತಲಾದ ಸ್ವಲ್ಪ ಹೊತ್ತಿನ ಮೇಲೆ ಬೇವು, ಜಾಲಿ ಮರಗಳ ಕೊಂಬೆಗಳನ್ನು ಕೋಲಿನಿಂದ ಅಲುಗಿಸಿ, ಕೆಳಗೆ ಬಿದ್ದ ದುಂಬಿಗಳನ್ನು ಆರಿಸಿ ಸೀಮೆಎಣ್ಣೆ ಬೆರಸಿದ ನೀರಿನಲ್ಲಿ ಹಾಕಬೇಕು.

(ಆ) ಅಗಲವಾದ ಪಾತ್ರೆಯಲ್ಲಿ ಅಂಥದೇ ನೀರನ್ನು ತುಂಬಿ, ಮೇಲೆ ದೀಪವನ್ನು ತೂಗುಹಾಕಿದರೆ ಹಲವು ದುಂಬಿಗಳು ತಾವಾಗಿ ಬಂದು ಬೀಳುವುವು.

(ಇ) ಮಳೆಗೆ ಮುಂಚೆ ಖಾಲಿ ಪಾತಿಗಳನ್ನು ಒಂದು ಗೇಣು ಆಳ ಅಗೆದರೆ ಅಡಗಿರುವ ದುಂಬಿಗಳು ಬಿಸಿಲಿಗೂ ಹಕ್ಕಿಗಳಿಗೂ ಈಡಾಗುವುವು.

ಒಂದು ಮನೆಯವರು ಮಾತ್ರ ಮಾಡಿದರೆ ಪ್ರಯೋಜನವು ಅಲ್ಪ. ಇಡೀ ಬೀದಿಯವರು ಒಂದೇ ರಾತ್ರಿ ಕೂಡಿ ಮಾಡುವುದು ಉತ್ತಮ.

4. ಹುಲ್ಲುಹಾಸಿನ ಆರೈಕೆ.— ಬೇಸಿಗೆಯಲ್ಲಿ ಹುಲ್ಲನ್ನು ಒಂದೂವರೆ ಅಂಗುಲಕ್ಕಿಂತ ಗಿಡ್ಡವಾಗಿ ಕತ್ತರಿಸಕೂಡದು. ನೆಲಕ್ಕೆ ನೆರಳಿದ್ದಷ್ಟೂ ತೇವವು ನಿಲ್ಲುವುದು. ರಾಕಸಕೊಪ್ಪ, ಹಿಡಕಲ್ ಜಲಾಶಯಗಳಿಂದ ನಗರಕ್ಕೆ ಬರುವ ನೀರು ಬೇಸಿಗೆಯಲ್ಲಿ ಅಮೂಲ್ಯ. ದಿನವೂ ಸ್ವಲ್ಪ ಚಿಮುಕಿಸುವುದಕ್ಕಿಂತ ಮೂರು ನಾಲ್ಕು ದಿನಕ್ಕೊಮ್ಮೆ ಬೆಳಗಿನಲ್ಲಿ ಬೇರಿನವರೆಗೆ ಇಳಿಯುವಂತೆ ಕೊಡುವುದು ಮೇಲು. ಹಸಿಯ ಸಗಣಿಯನ್ನು ಹಾಕಲೇಬಾರದು. ಅದು ಹುಳುಗಳಿಗೆ ಆಶ್ರಯವಾಗುವುದು. ಚೆನ್ನಾಗಿ ಕಳಿತ ಗೊಬ್ಬರವನ್ನು ಜರಡಿ ಹಿಡಿದು, ಕೆಮ್ಮಣ್ಣು, ಮರಳುಗಳೊಡನೆ ಬೆರಸಿ, ಮಳೆಗಾಲದ ಆರಂಭದಲ್ಲಿ ತೆಳುವಾಗಿ ಹರಡಬೇಕು. ಮೆಟರೈಜಿಯಂ ಎಂಬ ಶಿಲೀಂಧ್ರವು ಗೊಣ್ಣೆಹುಳುಗಳಿಗೆ ರೋಗವನ್ನುಂಟುಮಾಡಿ ಕೊಲ್ಲುವುದು. ಜೂನ್, ಜುಲೈ ತಿಂಗಳಲ್ಲಿ ಮರಿಗಳು ಚಿಕ್ಕವಾಗಿರುವಾಗ ಅದನ್ನು ಈ ಗೊಬ್ಬರದೊಡನೆ ತೇವವಾದ ಮಣ್ಣಿಗೆ ಸೇರಿಸಬಹುದು.

5. ಇತರ ಪೀಡೆಗಳು.— ದಾಸವಾಳದ ಚಿಗುರಿನಲ್ಲಿ ಬಿಳಿಯ ಹಿಟ್ಟುತಿಗಣೆ ಕಂಡರೆ ಆ ಕೊನೆಗಳನ್ನು ಕತ್ತರಿಸಿ ಸುಟ್ಟು, ಉಳಿದ ಭಾಗವನ್ನು ಸಾಬೂನಿನ ನೀರಿನಿಂದ ತೊಳೆಯಬೇಕು; ಅವನ್ನು ಕಾಯುವ ಇರುವೆಗಳನ್ನೂ ತಡೆಯಬೇಕು. ಗುಲಾಬಿಯ ಹೇನಿಗೆ ಬೇವಿನ ಬೀಜದ ಕಷಾಯವು ಸಾಕು: 50 ಗ್ರಾಂ ಬೀಜದ ತಿರುಳನ್ನು ಕುಟ್ಟಿ, ಒಂದು ಲೀಟರು ನೀರಿನಲ್ಲಿ ರಾತ್ರಿಯೆಲ್ಲ ನೆನೆಯಿಸಿ, ಸೋಸಿ, ಸ್ವಲ್ಪ ಸಾಬೂನು ಬೆರಸಿ ಸಂಜೆ ಸಿಂಪಡಿಸುವುದು. ಬೂದಿರೋಗಕ್ಕೆ ನೀರಿನಲ್ಲಿ ಬೆರೆಯುವ ಗಂಧಕವನ್ನು ಲೀಟರಿಗೆ 2 ಗ್ರಾಂ ಪ್ರಮಾಣದಲ್ಲಿ ಬಳಸಬಹುದು. ಉರಿಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆಗಳು ಸುಡುವುವು.

6. ಎಚ್ಚರಿಕೆ.— ಹಿಂದೆ ಗೊಣ್ಣೆಹುಳುವಿಗೆ ಬಳಸುತ್ತಿದ್ದ ಬಿ.ಎಚ್.ಸಿ. ಪುಡಿಯು ಭಾರತದಲ್ಲಿ 1997ರಲ್ಲಿಯೂ, ಫೋರೇಟ್ ಹರಳು 2020ರ ಕೊನೆಯಲ್ಲಿಯೂ ನಿಷೇಧಿಸಲ್ಪಟ್ಟಿವೆ. ಹಳೆಯ ದಾಸ್ತಾನನ್ನು ಯಾರು ಕೊಟ್ಟರೂ ಮಕ್ಕಳು ಆಡುವ ಅಂಗಳದಲ್ಲಿ ಹಾಕಕೂಡದು.

ಸಾರಾಂಶ.— ಮಳೆಗೆ ಮುಂಚೆ ಪಾತಿಗಳನ್ನು ಅಗೆಯುವುದು, ಹಸಿ ಗೊಬ್ಬರವನ್ನು ವರ್ಜಿಸುವುದು, ಮೊದಲ ಮಳೆಯ ರಾತ್ರಿಗಳಲ್ಲಿ ನೆರೆಹೊರೆಯವರೊಡನೆ ದುಂಬಿಗಳನ್ನು ಹಿಡಿಯುವುದು — ಈ ಮೂರನ್ನು ವರ್ಷವರ್ಷವೂ ಬಿಡದೆ ಆಚರಿಸತಕ್ಕದ್ದು. ಆ ಕೆಲವು ರಾತ್ರಿಗಳು ಕಳೆದರೆ ಮುಂದಿನ ಅವಕಾಶವು ಒಂದು ವರ್ಷದ ಮೇಲೆಯೇ.