ಹುಲ್ಲು ಪೆಟ್ಟಿಗೆ, ತಂಪು ಮಡಕೆ, ಮೊಳಕೆ ರಾಗಿ ಹಿಟ್ಟು: ಅಲ್ಪ ಖರ್ಚಿನಲ್ಲಿ ಮನೆಯಲ್ಲೇ ಮಾಡಿಕೊಳ್ಳಿ

ನಾಟಿ, ಕಳೆ, ಕೊಯ್ಲು, ಒಕ್ಕಣೆ ಮುಂತಾದ ಕೆಲಸಗಳು ಒತ್ತರಿಸಿ ಬಂದಾಗ ಬೇಸಾಯಗಾರರ ಮನೆಯ ಹೆಣ್ಣುಮಕ್ಕಳಿಗೆ ಎರಡು ಪಾಳಿಯ ದುಡಿಮೆ. ಹೊತ್ತು ಮೂಡುವ ಮೊದಲೇ ಒಲೆ ಹಚ್ಚಿ, ಬೆಳಗಾದ ಮೇಲೆ ಹೊಲಕ್ಕೆ ಹೋಗಿ, ಸಂಜೆ ಬಂದು ಮತ್ತೆ ಒಲೆಯ ಮುಂದೆ ಕೂರಬೇಕು. ಅವಸರದಲ್ಲಿ ಮಾಡಿದ ಅಡುಗೆ ಮಧ್ಯಾಹ್ನಕ್ಕೆ ತಣ್ಣಗಾಗಿರುತ್ತದೆ. ವಾರದ ಸಂತೆಯಲ್ಲಿ ತಂದ ಸೊಪ್ಪು ತರಕಾರಿ ಎರಡೇ ದಿನಕ್ಕೆ ಬಾಡಿರುತ್ತದೆ. ಅಜ್ಜಿಯ ಬಳಿ ಬಿಟ್ಟು ಹೋದ ಹಸುಗೂಸಿಗೆ ನೀರಾದ ಗಂಜಿಯೇ ಗತಿಯಾಗುತ್ತದೆ. ಇವುಗಳಲ್ಲಿ ಕೊನೆಯದು ಎಲ್ಲಕ್ಕಿಂತ ದೊಡ್ಡ ನಷ್ಟ. ಬೆಳೆಯ ನಷ್ಟವನ್ನು ಮುಂದಿನ ವರ್ಷ ತುಂಬಿಕೊಳ್ಳಬಹುದು. ಮಗುವಿನ ಮೊದಲ ಎರಡು ವರ್ಷಗಳಲ್ಲಿ ಕುಂಠಿತವಾದ ಬೆಳವಣಿಗೆಯನ್ನು ಆಮೇಲೆ ಪೂರ್ತಿಯಾಗಿ ತುಂಬಿಸುವುದು ಬಹಳ ಕಷ್ಟ.

ಈ ಮೂರು ತೊಂದರೆಗಳಿಗೂ ಮನೆಯಲ್ಲಿರುವ ಸಾಮಾನುಗಳಿಂದಲೇ ಪರಿಹಾರ ಕಂಡುಕೊಳ್ಳಬಹುದಾಗಿದೆ. ಒಣಹುಲ್ಲು, ಗೋಣಿಚೀಲ, ಎರಡು ಮಡಕೆ, ಸ್ವಲ್ಪ ಮರಳು, ಕಣಜದಲ್ಲಿರುವ ರಾಗಿ, ಇಷ್ಟಿದ್ದರೆ ಸಾಕು. ಮಾಡುವ ಕ್ರಮವನ್ನು ಒಂದೊಂದಾಗಿ ಕೆಳಗೆ ವಿವರಿಸಲಾಗಿದೆ.

1. ಹುಲ್ಲು ಪೆಟ್ಟಿಗೆ

ಅನ್ನವಾಗಲಿ ಬೇಳೆಯಾಗಲಿ ಬೇಯಲು ಬೇಕಾದದ್ದು ಶಾಖವೇ ಹೊರತು ಉರಿಯಲ್ಲ. ಪಾತ್ರೆ ಒಮ್ಮೆ ಕುದಿ ಬಂದ ಮೇಲೆ ನಾವು ಉರಿಸುವ ಸೌದೆ ಅಥವಾ ಅನಿಲದ ಹೆಚ್ಚಿನ ಭಾಗ ಪಾತ್ರೆಯಿಂದ ಹೊರಹೋಗುವ ಶಾಖವನ್ನು ತುಂಬಿಕೊಡುವುದಕ್ಕೇ ಖರ್ಚಾಗುತ್ತದೆ. ಆ ಶಾಖ ಹೊರಹೋಗದಂತೆ ತಡೆದರೆ ಒಲೆಯ ಅಗತ್ಯವೇ ಇಲ್ಲ. ಒಣಹುಲ್ಲಿನ ನಡುವೆ ಸಿಕ್ಕಿಕೊಂಡ ಗಾಳಿ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಎರಡನೆಯ ಮಹಾಯುದ್ಧದ (1939-45) ದಿನಗಳಲ್ಲಿ ಉರುವಲಿನ ಅಭಾವ ಉಂಟಾದಾಗ ಇಂಗ್ಲೆಂಡಿನ ಮನೆಗಳಲ್ಲಿ ಇಂತಹ ಪೆಟ್ಟಿಗೆಗಳು ಬಳಕೆಯಲ್ಲಿದ್ದವು.

ಬೇಕಾಗುವ ಸಾಮಾನುಗಳು: ಹಳೆಯ ಮರದ ಪೆಟ್ಟಿಗೆ, ದೊಡ್ಡ ಬಿದಿರಿನ ಬುಟ್ಟಿ ಅಥವಾ ಗಟ್ಟಿ ರಟ್ಟಿನ ಪೆಟ್ಟಿಗೆ, ಚೆನ್ನಾಗಿ ಒಣಗಿದ ಹುಲ್ಲು ಅಥವಾ ಭತ್ತದ ಹೊಟ್ಟು, ಎರಡು ಗೋಣಿಚೀಲ, ಹಳೆಯ ಬಟ್ಟೆ. ದನಗಳ ಮೇವಿಗಾಗುವ ಒಳ್ಳೆಯ ಹುಲ್ಲನ್ನು ಇದಕ್ಕೆ ಹಾಳು ಮಾಡಬೇಕಾಗಿಲ್ಲ. ಹಿಂದಿನ ವರ್ಷದ ಹುಲ್ಲಾದರೂ ಆದೀತು. ಆದರೆ ಮುಗ್ಗಲು ಹಿಡಿದಿರಬಾರದು.

ಮಾಡುವ ಕ್ರಮ: ಪೆಟ್ಟಿಗೆಯ ತಳದಲ್ಲಿ 4 ಅಂಗುಲ (10 ಸೆಂ.ಮೀ.) ದಪ್ಪಕ್ಕೆ ಹುಲ್ಲನ್ನು ಒತ್ತಿ ಹಾಸಿರಿ. ದಿನವೂ ಬಳಸುವ, ಮುಚ್ಚಳ ಭದ್ರವಾಗಿ ಕೂರುವ ಪಾತ್ರೆಯನ್ನು ನಡುವೆ ಇಟ್ಟು ಅದರ ಸುತ್ತಲೂ ಅಷ್ಟೇ ದಪ್ಪಕ್ಕೆ ಹುಲ್ಲನ್ನು ಬಿಗಿಯಾಗಿ ತುಂಬಿರಿ. ಪಾತ್ರೆಯನ್ನು ಮೆಲ್ಲಗೆ ಹೊರತೆಗೆದರೆ ಅದರ ಅಳತೆಯ ಗೂಡು ಉಳಿಯುತ್ತದೆ. ಗೂಡಿನ ಒಳಮೈಗೆ ಬಟ್ಟೆ ಹೊದಿಸಿರಿ. ಒಂದು ಗೋಣಿಚೀಲಕ್ಕೆ ಹೊಟ್ಟು ತುಂಬಿ ಬಾಯಿ ಹೊಲಿದು ಮೇಲೆ ಮುಚ್ಚಲು ದಿಂಬು ಮಾಡಿಕೊಳ್ಳಿರಿ. ಇದೂ 4 ಅಂಗುಲಕ್ಕೆ ಕಡಿಮೆ ಇರಬಾರದು.

ಬಳಸುವ ರೀತಿ: ಅಡುಗೆಯನ್ನು ಒಲೆಯ ಮೇಲೆ ಚೆನ್ನಾಗಿ ಕುದಿಸಿ, ಮುಚ್ಚಳ ತೆಗೆಯದೆ, ತಡಮಾಡದೆ ಗೂಡಿನಲ್ಲಿಟ್ಟು ದಿಂಬನ್ನು ಮುಚ್ಚಿ ಉಳಿದ ಗೋಣಿಚೀಲವನ್ನು ಹೊದಿಸಬೇಕು. ಅಕ್ಕಿಗೆ 5 ನಿಮಿಷದ ಕುದಿ, ಪೆಟ್ಟಿಗೆಯಲ್ಲಿ 1 ರಿಂದ 1½ ಗಂಟೆ ಸಾಕು. ಒಂದು ಗಂಟೆ ನೆನೆಸಿದ ತೊಗರಿಬೇಳೆಗೆ 15 ನಿಮಿಷದ ಕುದಿ, ಪೆಟ್ಟಿಗೆಯಲ್ಲಿ 2 ಗಂಟೆ. ರಾತ್ರಿಯಿಡೀ ನೆನೆಸಿದ ಹುರುಳಿ, ಅಲಸಂದೆ, ಕಡಲೆಗಳಿಗೆ 20 ನಿಮಿಷದ ಕುದಿ, ಪೆಟ್ಟಿಗೆಯಲ್ಲಿ 3 ಗಂಟೆ. ಇವು ಅಂದಾಜಿನ ಲೆಕ್ಕಗಳು. ನಿಮ್ಮ ಕಾಳು, ನಿಮ್ಮ ಊರಿನ ನೀರು ನೋಡಿಕೊಂಡು ಹೆಚ್ಚುಕಡಿಮೆ ಮಾಡಿಕೊಳ್ಳಿರಿ. ಆವಿ ಹೊರಹೋಗದ ಕಾರಣ ನೀರನ್ನು ವಾಡಿಕೆಗಿಂತ ಸ್ವಲ್ಪ ಕಡಿಮೆ ಹಾಕಬೇಕು. ಹುಳಿ ಹಾಕಿದರೆ ಬೇಳೆ ಬೇಗ ಬೇಯುವುದಿಲ್ಲವಾದುದರಿಂದ ಹುಣಸೆಹಣ್ಣನ್ನು ಬೆಂದ ಮೇಲೆಯೇ ಸೇರಿಸಬೇಕು. ಪಾತ್ರೆಯ ಮುಕ್ಕಾಲು ಭಾಗವಾದರೂ ಅಡುಗೆಯಿದ್ದರೆ ಶಾಖ ಹೆಚ್ಚು ಹೊತ್ತು ನಿಲ್ಲುತ್ತದೆ. ಒಂದು ಹಿಡಿ ಬೇಳೆಗೆ ಈ ಪೆಟ್ಟಿಗೆ ಹೇಳಿದ್ದಲ್ಲ.

ಎಚ್ಚರಿಕೆ: ಪಾತ್ರೆಯ ತಳದಲ್ಲಿ ಕೆಂಡದ ಚೂರು ಅಂಟಿಲ್ಲವೆಂದು ನೋಡಿ, ಒರೆಸಿಯೇ ಹುಲ್ಲಿನಲ್ಲಿಡಬೇಕು. ಪೆಟ್ಟಿಗೆ ಒಲೆಯಿಂದ ದೂರವಿರಲಿ. ನಡುನಡುವೆ ತೆರೆದು ನೋಡಬಾರದು. ಒಮ್ಮೆ ತೆರೆದರೆ ಮತ್ತೆ ಕುದಿಸಿಯೇ ಇಡಬೇಕು. ಅಡುಗೆಯನ್ನು 4 ಗಂಟೆಗಿಂತ ಹೆಚ್ಚು ಹೊತ್ತು ಪೆಟ್ಟಿಗೆಯಲ್ಲಿ ಬಿಡಬಾರದು. ಉಗುರುಬೆಚ್ಚಗಿನ ಅನ್ನ, ಸಾರುಗಳಲ್ಲಿ ರೋಗಾಣುಗಳು ಬಹು ಬೇಗ ಹೆಚ್ಚುತ್ತವೆ. ತೆರೆದಾಗ ಆವಿಯಾಡುವಷ್ಟು ಬಿಸಿ ಇದ್ದರೆ ಕೂಡಲೇ ಉಣ್ಣಬಹುದು. ಬಿಸಿ ಇಳಿದಿದ್ದರೆ ಒಮ್ಮೆ ಕುದಿಸಿಯೇ ಬಡಿಸಬೇಕು.

2. ತಂಪು ಮಡಕೆ

ಬೇಸಿಗೆಯಲ್ಲಿ ಹೊಸ ಮಡಕೆಯ ನೀರು ತಣ್ಣಗಿರುವುದು ಎಲ್ಲರಿಗೂ ತಿಳಿದ ವಿಷಯ. ಮಡಕೆಯ ಸೂಕ್ಷ್ಮ ರಂಧ್ರಗಳಿಂದ ಜಿನುಗುವ ನೀರು ಆರಿಹೋಗುವಾಗ ಮಡಕೆಯ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಒಂದು ಲೀಟರು ನೀರು ಹೀಗೆ ಆರಲು ಸುಮಾರು 580 ಕಿಲೋಕ್ಯಾಲೊರಿ ಶಾಖ ಬೇಕು. ಇದೇ ತತ್ತ್ವದ ಮೇಲೆ ನೈಜೀರಿಯಾ ದೇಶದ ಅಧ್ಯಾಪಕ ಮೊಹಮ್ಮದ್ ಬಾ ಅಬ್ಬಾ ಅವರು 1995ರ ಸುಮಾರಿಗೆ ಮಡಕೆಯೊಳಗೆ ಮಡಕೆಯಿಟ್ಟು ತರಕಾರಿ ಕಾಪಾಡುವ ಸಾಧನವನ್ನು ತಮ್ಮ ನಾಡಿನ ಬಡ ರೈತರಲ್ಲಿ ಹರಡಿದರು. ಅದಕ್ಕಾಗಿ 2000ರಲ್ಲಿ ಅವರಿಗೆ ರೋಲೆಕ್ಸ್ ಪ್ರಶಸ್ತಿ ದೊರೆಯಿತು.

ಮಾಡುವ ಕ್ರಮ: ಬಣ್ಣ, ಹೊಳಪು ಹಚ್ಚದ ಒಂದು ದೊಡ್ಡ ಮಡಕೆ ಮತ್ತು ಅದರೊಳಗೆ ಸುತ್ತಲೂ 1½ ರಿಂದ 2 ಅಂಗುಲ ಅಂತರವಿರುವಂತೆ ಕೂರುವ ಚಿಕ್ಕ ಮಡಕೆ ಬೇಕು. ಹೊರಗಿನದಕ್ಕೆ ಬಾಯಿ ಅಗಲವಾಗಿರಬೇಕು. ಅಂಚು ಒಡೆದ ಹಳೆಯ ಬಾನಿಯಾದರೂ ನಡೆಯುತ್ತದೆ. ತಳಕ್ಕೆ 2 ಅಂಗುಲ ಮರಳು ಹಾಕಿ, ಚಿಕ್ಕ ಮಡಕೆಯನ್ನು ಕೂರಿಸಿ, ನಡುವಿನ ಜಾಗಕ್ಕೂ ಮರಳು ತುಂಬಿರಿ. ಮರಳು ಪೂರ್ತಿ ನೆನೆಯುವಂತೆ ನೀರು ಹಾಕಿ, ಒಳಮಡಕೆಯ ಬಾಯಿಗೆ ಒದ್ದೆ ಗೋಣಿ ಮುಚ್ಚಿರಿ. ಬೆಳಿಗ್ಗೆ ಮತ್ತು ಸಂಜೆ ಮರಳಿಗೂ ಗೋಣಿಗೂ ನೀರು ಚಿಮುಕಿಸಿದರೆ ಸಾಕು. ಸಾಧನವನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ, ನಾಲ್ಕು ಇಟ್ಟಿಗೆಗಳ ಮೇಲೆ ಇಡಬೇಕು. ಮುಚ್ಚಿದ ಕೋಣೆಯ ಮೂಲೆಯಲ್ಲಿಟ್ಟರೆ ಪ್ರಯೋಜನವಿಲ್ಲ.

ಸೊಪ್ಪು, ಬದನೆ, ಬೆಂಡೆ, ಹುರುಳಿಕಾಯಿ, ಟೊಮೇಟೊ, ಗಜ್ಜರಿಗಳನ್ನು ಇದರಲ್ಲಿಡಬಹುದು. ಈರುಳ್ಳಿ, ಬೆಳ್ಳುಳ್ಳಿಗಳನ್ನು ಇಡಬಾರದು. ತೇವಕ್ಕೆ ಮೊಳೆತು ಕೊಳೆಯುತ್ತವೆ. ಕಾಯಿಸಿದ ಹಾಲನ್ನು ಕೆಲವು ಗಂಟೆ ಇಟ್ಟುಕೊಳ್ಳಬಹುದಾದರೂ ಇದು ಶೀತಕ ಪೆಟ್ಟಿಗೆಗೆ ಸಮನಲ್ಲವೆಂಬುದನ್ನು ನೆನಪಿಡಬೇಕು. ಮಾಂಸ, ಮೀನುಗಳನ್ನು ಇಡಲೇಬಾರದು. ವಾರಕ್ಕೊಮ್ಮೆ ಒಳಮಡಕೆಯನ್ನು ತೊಳೆದು ಬಿಸಿಲಿಗೆ ಒಣಗಿಸಿರಿ.

ವಿಜಯಪುರ, ರಾಯಚೂರು, ಬಳ್ಳಾರಿ, ಚಿತ್ರದುರ್ಗ ಮುಂತಾದ ಒಣಹವೆಯ ಜಿಲ್ಲೆಗಳಲ್ಲಿ ಬೇಸಿಗೆಗೆ ಇದು ಬಹಳ ಅನುಕೂಲ. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಗಾಳಿಯೇ ತೇವದಿಂದ ತುಂಬಿರುವುದರಿಂದ ನೀರು ಆರುವುದಿಲ್ಲ, ಮಡಕೆ ತಣ್ಣಗಾಗುವುದೂ ಇಲ್ಲ. ಅಲ್ಲಿಯವರು ಇದಕ್ಕೆ ಶ್ರಮಪಡಬೇಕಾಗಿಲ್ಲ.

ಮಾರಾಟಕ್ಕಾಗಿ ತರಕಾರಿ ಬೆಳೆಯುವವರು ಇದೇ ತತ್ತ್ವವನ್ನು ದೊಡ್ಡ ಪ್ರಮಾಣದಲ್ಲಿ ಬಳಸಬಹುದು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ 1980ರ ದಶಕದಲ್ಲಿ ರೂಪಿಸಿದ ಶೂನ್ಯಶಕ್ತಿ ಶೀತಲ ಕೋಣೆಯಲ್ಲಿ ಎರಡು ಸಾಲು ಇಟ್ಟಿಗೆ ಗೋಡೆಗಳ ನಡುವೆ 7.5 ಸೆಂ.ಮೀ. ಅಂತರ ಬಿಟ್ಟು ಮರಳು ತುಂಬಿ ನೀರುಣಿಸುತ್ತಾರೆ. ಸುಮಾರು 400 ಇಟ್ಟಿಗೆಗಳಲ್ಲಿ 100 ಕಿಲೋ ತರಕಾರಿ ಹಿಡಿಯುವ ಕೋಣೆ ಸಿದ್ಧವಾಗುತ್ತದೆ. ಇದಕ್ಕೆ ವಿದ್ಯುತ್ತು ಬೇಡ. ಸಂಜೆ ಕಿತ್ತ ತರಕಾರಿಯನ್ನು ಬಾಡದಂತೆ ಇಟ್ಟು ಬೆಳಿಗ್ಗೆ ಪೇಟೆಗೆ ಒಯ್ಯಲು ಇದು ಒಳ್ಳೆಯ ಏರ್ಪಾಡು.

3. ಮೊಳಕೆ ರಾಗಿ ಹಿಟ್ಟು

ಮಗುವಿಗೆ ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕು. ಅನಂತರ ಎದೆಹಾಲಿನ ಜೊತೆಗೆ ಮೇಲಿನ ಆಹಾರವನ್ನು ಪ್ರಾರಂಭಿಸಬೇಕು. ನಮ್ಮ ಸೀಮೆಯಲ್ಲಿ ಹಿಂದಿನಿಂದಲೂ ರಾಗಿ ಸರಿ ಉಣಿಸುವ ಪದ್ಧತಿಯಿದೆ. ಇದು ಬಹಳ ಒಳ್ಳೆಯದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಸುಣ್ಣದ ಅಂಶವಿದ್ದರೆ ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಸುಮಾರು 10 ಮಿ.ಗ್ರಾಂ ಮಾತ್ರ ಇರುತ್ತದೆ.

ಆದರೆ ಇಲ್ಲಿ ಒಂದು ತೊಡಕಿದೆ. ಸಾಧಾರಣ ರಾಗಿ ಹಿಟ್ಟು ಬೇಯುವಾಗ ನೀರು ಹೀರಿ ಗಟ್ಟಿಯಾಗುತ್ತದೆ. ಹಸುಗೂಸು ಗಟ್ಟಿಯಾದುದನ್ನು ನುಂಗಲಾರದೆಂದು ತಾಯಿ ನೀರು ಬೆರೆಸುತ್ತಾಳೆ. ಮಗುವಿನ ಪುಟ್ಟ ಹೊಟ್ಟೆ ಆ ನೀರಿನಿಂದಲೇ ತುಂಬುತ್ತದೆ. ಹೊಟ್ಟೆ ತುಂಬಿದ ಮಗು ಅಳುವುದಿಲ್ಲ. ಆದರೆ ಉಂಡದ್ದು ಮೈಗೆ ಹತ್ತುವುದೂ ಇಲ್ಲ. ಮನೆಯಲ್ಲಿ ಬೇಕಾದಷ್ಟು ರಾಗಿಯಿದ್ದೂ ಮಗು ಬಡವಾಗಲು ಇದೊಂದು ಕಾರಣ.

ರಾಗಿಯನ್ನು ಮೊಳಕೆ ಬರಿಸಿದಾಗ ಅದರಲ್ಲಿ ಗಂಜಿಯ ಅಂಶವನ್ನು ಒಡೆಯುವ ಕಿಣ್ವಗಳು ಹುಟ್ಟುತ್ತವೆ. ಇಂತಹ ಹಿಟ್ಟಿನಿಂದ ಮಾಡಿದ ಸರಿ ಗಟ್ಟಿಯಾಗದೆ ತೆಳುವಾಗಿಯೇ ಉಳಿಯುತ್ತದೆ. ಸಾಧಾರಣ ಹಿಟ್ಟು ಎರಡು ಚಮಚ ಹಿಡಿಯುವ ನೀರಿಗೆ ಇದನ್ನು ಮೂರು ನಾಲ್ಕು ಚಮಚ ಹಾಕಬಹುದು. ಅಂದರೆ ಮಗು ಅದೇ ಬಟ್ಟಲಿನಲ್ಲಿ ಹೆಚ್ಚು ಆಹಾರವನ್ನು ಸುಲಭವಾಗಿ ನುಂಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1980ರ ದಶಕದ ಆರಂಭದಲ್ಲೇ ಮೊಳಕೆ ರಾಗಿ ಮತ್ತು ಹೆಸರುಕಾಳುಗಳ ಶಿಶು ಆಹಾರವನ್ನು ರೂಪಿಸಿದ್ದರು. ರಾಗಿಯಲ್ಲಿ ಕಡಿಮೆಯಿರುವ ಸಸಾರಜನಕದ ಅಂಶವನ್ನು ಹೆಸರುಕಾಳು ತುಂಬಿಕೊಡುತ್ತದೆ.

ಬೇಕಾಗುವ ಸಾಮಾನುಗಳು: ರಾಗಿ 700 ಗ್ರಾಂ, ಹೆಸರುಕಾಳು 300 ಗ್ರಾಂ. ಬಿತ್ತನೆಗೆಂದು ಔಷಧಿ ಲೇಪಿಸಿದ ಬೀಜವನ್ನು ಯಾವ ಕಾರಣಕ್ಕೂ ಬಳಸಬಾರದು. ತೊಳೆದರೂ ವಿಷ ಹೋಗುವುದಿಲ್ಲ. ಬಹಳ ಹಳೆಯ ರಾಗಿ ಸರಿಯಾಗಿ ಮೊಳೆಯುವುದಿಲ್ಲವಾದ್ದರಿಂದ, ಬಿತ್ತನೆಗೆ ಮುಂಚೆ ಮಾಡುವಂತೆ 100 ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿಟ್ಟು ಮೊಳಕೆ ಪರೀಕ್ಷೆ ಮಾಡಿಕೊಳ್ಳುವುದು ಮೇಲು.

ಮಾಡುವ ಕ್ರಮ:
(ಅ) ರಾಗಿಯನ್ನು ಕಲ್ಲು, ಕಸ ತೆಗೆದು ನಾಲ್ಕೈದು ನೀರಿನಲ್ಲಿ ತೊಳೆದು 12 ಗಂಟೆ ನೆನೆಸಿರಿ. ನೀರು ಬಸಿದು ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಕಟ್ಟಿ 36 ರಿಂದ 48 ಗಂಟೆ ಇಡಿರಿ. ಬಟ್ಟೆ ಒಣಗದಂತೆ ಆಗಾಗ ನೀರು ಚಿಮುಕಿಸುತ್ತಿರಬೇಕು.
(ಆ) ಹೆಸರುಕಾಳಿಗೆ ನೆನೆಸಿದ ಮೇಲೆ 24 ಗಂಟೆ ಸಾಕು. ಎರಡೂ ಒಟ್ಟಿಗೆ ಸಿದ್ಧವಾಗಲು ಹೆಸರನ್ನು ಒಂದು ದಿನ ತಡವಾಗಿ ನೆನೆಹಾಕಿರಿ. ಲೋಳೆಯಾದ, ಕೆಟ್ಟ ವಾಸನೆ ಬಂದ, ಬೂಷ್ಟು ಹಿಡಿದ ಕಾಳನ್ನು ಎಸೆಯಬೇಕು.
(ಇ) ಎರಡನ್ನೂ ಬೇರೆಬೇರೆಯಾಗಿ ಒಳ್ಳೆಯ ಬಿಸಿಲಿನಲ್ಲಿ, ಹಲ್ಲಿಗಿಟ್ಟರೆ ಕಟಕ್ಕೆನ್ನುವವರೆಗೆ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಬೇರುಗಳನ್ನು ಉದುರಿಸಿ ಕೇರಿರಿ.
(ಈ) ರಾಗಿಯನ್ನು ಬಹಳ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಇಳಿಸಿರಿ. ಕಂಪು ಬರುವಷ್ಟಾದರೆ ಸಾಕು, ಕೆಂಪಾಗಬಾರದು. ಎಷ್ಟೋ ಮನೆಗಳಲ್ಲಿ ಕೆಲಸ ಕೆಡುವುದು ಇಲ್ಲಿಯೇ. ಹೆಚ್ಚು ಹುರಿದರೆ ಕಿಣ್ವಗಳು ಸತ್ತು, ಎರಡು ದಿನ ಮೊಳಕೆ ಬರಿಸಿದ ಶ್ರಮ ವ್ಯರ್ಥವಾಗುತ್ತದೆ. ಹೆಸರನ್ನು ಮಾತ್ರ ಸ್ವಲ್ಪ ಹೆಚ್ಚು ಹುರಿದು, ಉಜ್ಜಿ, ಸಿಪ್ಪೆ ಹಾರಿಸಬಹುದು.
(ಉ) ಎರಡನ್ನೂ ಬೆರೆಸಿ ಬೀಸಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಗಿರಣಿಗೆ ಒಯ್ದರೆ ಖಾರದಪುಡಿ ಬೀಸಿದ ಬೆನ್ನಿಗೇ ಹಾಕಿಸಬೇಡಿರಿ. ಹಿಟ್ಟು ಪೂರ್ತಿ ಆರಿದ ಮೇಲೆ ಒಣ ಡಬ್ಬಿಯಲ್ಲಿ ಭದ್ರವಾಗಿ ಮುಚ್ಚಿಟ್ಟು ಒಂದು ತಿಂಗಳೊಳಗೆ ಬಳಸಿರಿ.

ಸರಿ ಮಾಡುವ ರೀತಿ: ಒಂದು ಲೋಟ (150 ಮಿ.ಲೀ.) ತಣ್ಣೀರಿಗೆ 25 ಗ್ರಾಂ, ಅಂದರೆ ಸುಮಾರು ಮೂರು ಊಟದ ಚಮಚದಷ್ಟು ಹಿಟ್ಟನ್ನು ಗಂಟಿಲ್ಲದಂತೆ ಕದಡಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕಾಯಿಸಿರಿ. ಕುದಿಯುವ ನೀರಿಗೆ ಹಿಟ್ಟು ಹಾಕಬಾರದು. ಕಿಣ್ವಗಳಿಗೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ. ಸರಿ ಮೊದಲು ಸ್ವಲ್ಪ ಮಂದವಾಗಿ ಅನಂತರ ತೆಳುವಾಗುವುದು ಕಣ್ಣಿಗೆ ಕಾಣುತ್ತದೆ. ಆಮೇಲೆ ಐದು ನಿಮಿಷ ಚೆನ್ನಾಗಿ ಕುದಿಸಿ ಇಳಿಸಿರಿ. ತೆಳುವಾಯಿತೆಂದು ಹಿಟ್ಟು ಕಡಿಮೆ ಮಾಡುವುದಾಗಲಿ, ಮತ್ತೆ ನೀರು ಬೆರೆಸುವುದಾಗಲಿ ಕೂಡದು. ಅರ್ಧ ಚಮಚ ತುಪ್ಪ ಅಥವಾ ಎಣ್ಣೆ, ಕಿವುಚಿದ ಬಾಳೆಹಣ್ಣು ಸೇರಿಸಿದರೆ ಇನ್ನೂ ಒಳ್ಳೆಯದು. ಒಂದು ವರ್ಷದೊಳಗಿನ ಮಗುವಿಗೆ ಉಪ್ಪು, ಸಕ್ಕರೆ ಬೇಡ; ಜೇನುತುಪ್ಪವನ್ನು ಕೊಡಲೇಬಾರದು. ಹೊಸ ಆಹಾರವನ್ನು ಮೊದಲು ಒಂದೆರಡು ಚಮಚದಿಂದ ಆರಂಭಿಸಿ ಕ್ರಮೇಣ ಹೆಚ್ಚಿಸಬೇಕು.

ಮಗುವಿನ ಸರಿಯನ್ನು ಬೆಳಿಗ್ಗೆಯೇ ಮಾಡಿ ಹುಲ್ಲು ಪೆಟ್ಟಿಗೆಯಲ್ಲಾಗಲಿ ತಂಪು ಮಡಕೆಯಲ್ಲಾಗಲಿ ಇಟ್ಟು ಹೋಗಬಾರದು. ಹಿಟ್ಟು ಸಿದ್ಧವಿದ್ದರೆ ಮನೆಯಲ್ಲಿರುವ ಅಜ್ಜಿ ಹತ್ತು ಹದಿನೈದು ನಿಮಿಷದಲ್ಲಿ ಹೊಸದಾಗಿ ಮಾಡಿ ಉಣಿಸಬಹುದು. ಮಾಡುವ ಕ್ರಮವನ್ನು ತಾಯಿ ಒಮ್ಮೆ ಅವರ ಮುಂದೆಯೇ ಮಾಡಿ ತೋರಿಸಿದರೆ ಒಳ್ಳೆಯದು. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ಮಗುವಿನ ತೂಕ ನೋಡಿಸಿರಿ. ತೂಕ ಏರದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಮೊದಲು ಯಾವುದು?

ಮೂರನ್ನೂ ಒಂದೇ ಸಲ ಕೈಗೆತ್ತಿಕೊಳ್ಳಬೇಕಾಗಿಲ್ಲ. ಮನೆಯಲ್ಲಿ ಎರಡು ವರ್ಷದೊಳಗಿನ ಮಗುವಿದ್ದರೆ ಮೊಳಕೆ ಹಿಟ್ಟಿನಿಂದಲೇ ಆರಂಭಿಸಿರಿ. ಸಂಶಯವಿದ್ದರೆ ಒಂದು ಪಾತ್ರೆಯಲ್ಲಿ ಸಾಧಾರಣ ಹಿಟ್ಟು, ಇನ್ನೊಂದರಲ್ಲಿ ಮೊಳಕೆ ಹಿಟ್ಟು, ಎರಡಕ್ಕೂ ಒಂದೇ ಅಳತೆಯ ಹಿಟ್ಟು ಮತ್ತು ನೀರು ಹಾಕಿ ಬೇಯಿಸಿ ನೋಡಿರಿ. ವ್ಯತ್ಯಾಸ ನಿಮಗೇ ತಿಳಿಯುತ್ತದೆ. ಹುಲ್ಲು ಪೆಟ್ಟಿಗೆಯನ್ನು ಒಂದು ಬಿಡುವಿನ ಸಂಜೆ ಗಂಡಸರೇ ತುಂಬಿ ಕೊಡಬಹುದು. ಬಣವೆ ಒಟ್ಟುವ ಕೈಗಳಿಗೆ ಅದೇನೂ ದೊಡ್ಡ ಕೆಲಸವಲ್ಲ. ಅದರಿಂದ ಮನೆಯಾಕೆಗೆ ದಿನಕ್ಕೆ ಒಂದು ಗಂಟೆ ಒಲೆಯ ಮುಂದಿನ ಕೆಲಸ ತಪ್ಪಿದರೆ, ಆ ಗಂಟೆಯನ್ನು ಆಕೆ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಉಣಿಸಲು ಬಳಸಬಹುದು.