ರೊಟ್ಟಿ ಮೊದಲು, ಪ್ರಶ್ನೆ ಆಮೇಲೆ

ಸಂಡೇ ಸ್ಕೂಲಿನಲ್ಲಿ ನಿನ್ನ ಕಿವಿ ಹಿಂಡಿದವನು ನಾನು. ಈಗ ನೀನು ನಮ್ಮ ಸಭಾಪಾಲಕ, ನಾಲ್ಕು ಜನರೆದುರು ‘ನೀವು’ ಎಂದೇ ಕರೆಯುತ್ತೇನೆ. ಈ ಪತ್ರದಲ್ಲಿ ಮಾತ್ರ ಹಳೆಯ ಸಲುಗೆ ಇರಲಿ.

ಮೊನ್ನೆ ಕೇಳಿದೆಯಲ್ಲ, “ಮಾಸ್ಟ್ರೇ, ಯೌವನಸ್ಥರು ದೇವಾಲಯಕ್ಕೆ ಯಾಕೆ ಬರುತ್ತಿಲ್ಲ?” ಎಂದು. ಕಮಿಟಿಯಲ್ಲಿ ಇದಕ್ಕೆ ಉತ್ತರ ಸಿದ್ಧವಾಗಿದೆ: ಮೊಬೈಲು. ಪರಿಹಾರವೂ ಸಿದ್ಧ: ಗಿಟಾರು, ಡ್ರಮ್ಮು, ಪ್ರೊಜೆಕ್ಟರು. ತರಿಸು, ಬೇಡವೆನ್ನುವುದಿಲ್ಲ. ನಮ್ಮ ಹಾರ್ಮೋನಿಯಂ ಒಳಗೆ ಇಲಿ ಸಂಸಾರ ಹೂಡಿ ವರ್ಷವಾಯಿತು. ಆದರೆ ಅದರಿಂದ ಹುಡುಗರು ಬಂದಾರು ಎಂದು ನಂಬಬೇಡ.

ಯಾಕೆಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ನನ್ನ ಅಜ್ಜ ಮಂಗಳೂರಿನ ಜೆಪ್ಪುವಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು ಸುವಾರ್ತೆ ಸಾರಲಿಕ್ಕೆ, ಹೆಂಚು ಸುಡಲಿಕ್ಕಲ್ಲ. ಆದರೆ ಕ್ರೈಸ್ತರಾದ ಜನ ಮನೆಯಿಂದ ಹೊರಬಿದ್ದರು, ಕುಟುಂಬದ ಆಸ್ತಿಯ ಹಕ್ಕು ತಪ್ಪಿತು, ಕಳ್ಳು ಇಳಿಸುತ್ತಿದ್ದವರಿಗೆ ಆ ಕಸುಬೂ ಹೋಯಿತು. ಸ್ನಾನದೀಕ್ಷೆ ಕೊಟ್ಟವರ ಮುಂದೆ ನಿಂತ ಪ್ರಶ್ನೆ ವೇದಶಾಸ್ತ್ರದ್ದಲ್ಲ, ರಾತ್ರಿಯ ಗಂಜಿಯದು. ಬೇಸಾಯ, ಗಡಿಯಾರದ ಕೆಲಸ ಎಂದು ಮಾಡಿದ ಪ್ರಯತ್ನಗಳು ಕೈಗೂಡಲಿಲ್ಲ. 1841ರಲ್ಲಿ ಅಚ್ಚುಕೂಟ ಬಂತು, 1851ರಲ್ಲಿ ಮಿಶನ್ನಿನ ಹಾಲರ್ ಬಂದು ನೇಯ್ಗೆಯನ್ನು ದಡ ಸೇರಿಸಿದರು, 1865ರಲ್ಲಿ ಅದೇ ಮಿಶನ್ನಿನ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ತೆರೆದರು. ಅಲ್ಲಿ ಎಲ್ಲವೂ ಚೆನ್ನಾಗಿತ್ತು ಎನ್ನಲಾರೆ. ಶಿಸ್ತು ಉಸಿರು ಕಟ್ಟಿಸುವಷ್ಟಿತ್ತು, ದೊರೆ–ಆಳು ಎಂಬ ಅಂತರವೂ ಇತ್ತು. ಆದರೂ ಹಸಿದವನ ಪ್ರಶ್ನೆಗೆ ಸಭೆ ಬರೀ ಪ್ರಸಂಗ ಮಾಡಿ ಕೈತೊಳೆದುಕೊಳ್ಳಲಿಲ್ಲ.

ಈಗಿನ ಹುಡುಗರ ಕಷ್ಟ ಬೇರೆ. ಹನ್ನೊಂದು ತಿಂಗಳ ಕಾಂಟ್ರಾಕ್ಟಿನ ಕೆಲಸ, ಬೆಂಗಳೂರಿನ ಪೀಜಿಯ ಒಂಟಿ ಕೋಣೆ, ಲೋನ್ ಆ್ಯಪ್‌ನವರ ಬೆದರಿಕೆಯ ಕರೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರಲ್ಲಿ ಕಾನೂನು ನಿಷೇಧಿಸಿತು. ಆಟ ಹೋಯಿತು, ಸೋತವನ ಸಾಲ ಉಳಿಯಿತು. ಇದನ್ನು ಅವನು ಅಪ್ಪನಿಗೆ ಹೇಳಲಾರ. ನಮಗೆ ಹೇಳುತ್ತಾನೆಯೇ?

ಒಬ್ಬ ಹೇಳಿದ್ದ. ಆರಾಧನೆ ಮುಗಿದ ಮೇಲೆ ಗೇಟಿನ ಹತ್ತಿರ ನಿಲ್ಲಿಸಿ, ತಿಂಗಳಿನಿಂದ ನಿದ್ದೆಯಿಲ್ಲ, ಬದುಕುವುದೇ ಬೇಡ ಅನ್ನಿಸುತ್ತದೆ ಎಂದ. “ಪ್ರಾರ್ಥನೆ ಮಾಡು, ಸರಿಹೋಗುತ್ತದೆ” ಎಂದು ಬೆನ್ನು ತಟ್ಟಿದೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಬುಧವಾರದ ಕೂಟದಲ್ಲಿ ಅವನ ಹೆಸರು ಹೇಳಿ ಪ್ರಾರ್ಥನಾ ವಿನಂತಿ ಕೊಟ್ಟೆ. ಗುರುವಾರ ಮೀನು ಮಾರ್ಕೆಟ್ಟಿನಲ್ಲಿ ಅದು ಸುದ್ದಿ. ಅವನು ಬದುಕಿದ್ದಾನೆ, ದೇವರ ದಯೆ. ನಮ್ಮ ಗೇಟು ಮಾತ್ರ ಮತ್ತೆ ದಾಟಲಿಲ್ಲ. ಚಾಡಿಗೆ ನಾವು ಇಟ್ಟುಕೊಂಡ ಭಕ್ತಿಯ ಹೆಸರು ಈ ‘ವಿನಂತಿ’. ನೀನು ಮೊದಲು ನಿಲ್ಲಿಸಬೇಕಾದದ್ದು ಅದನ್ನು. ಯುವಕನೊಬ್ಬ ನಿನ್ನ ಬಳಿ ಹೇಳಿದ್ದು ನಿನ್ನ ಹೆಂಡತಿಗೂ ಗೊತ್ತಾಗಬಾರದು. ಪ್ರಾಣಕ್ಕೇ ಅಪಾಯ ಕಂಡರೆ ಮಾತ್ರ ಅವನಿಗೇ ತಿಳಿಸಿ ಬೇರೆಯವರನ್ನು ಸೇರಿಸಿಕೊ.

ಪ್ರವಾದಿ ಎಲೀಯನ ಕಥೆಯನ್ನು ನಿನಗೆ ಹೇಳಿಕೊಟ್ಟಿದ್ದೆ. ಈಗ ನಾನೇ ಹೊಸದಾಗಿ ಓದುತ್ತಿದ್ದೇನೆ. ಅಡವಿಯ ಗಿಡದ ಕೆಳಗೆ ಕೂತು ಸಾಯಬೇಕು ಎಂದವನಿಗೆ ದೇವದೂತ ಬುದ್ಧಿ ಹೇಳಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಇಟ್ಟ, ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ಉಣಿಸಿದ. ಇಲ್ಲೇನು ಮಾಡುತ್ತಿದ್ದೀ ಎಂಬ ಪ್ರಶ್ನೆ ಬಂದದ್ದು ನಲವತ್ತು ದಿನ ನಡೆದ ಮೇಲೆ. ನಮ್ಮಲ್ಲಿ ಪ್ರಶ್ನೆ ಬಾಗಿಲಲ್ಲೇ ಕಾಯುತ್ತದೆ: ಹೋದ ವಾರ ಯಾಕೆ ಬರಲಿಲ್ಲ?

ನಿದ್ದೆಗೆಟ್ಟವನನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋಗು. ಹೊರಗೆ ಬೆಂಚಿನ ಮೇಲೆ ನೀನೂ ಕೂರು. 14416 ಎಂಬ ಟೆಲಿ ಮಾನಸ್ ಸಂಖ್ಯೆಯನ್ನು ನೋಟಿಸ್ ಬೋರ್ಡಿನಲ್ಲಿ ದಪ್ಪಕ್ಷರದಲ್ಲಿ ಬರೆಸು. ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಮಾತ್ರೆ ನುಂಗುವುದು ವಿಶ್ವಾಸ ಕಮ್ಮಿಯಾಗಿ ಅಲ್ಲ ಎಂದು ವೇದಿಕೆಯಿಂದ ಹೇಳು, ಹಿಂದಿನ ಬೆಂಚಿನವರೂ ಕೇಳಿಸಿಕೊಳ್ಳಲಿ. ನಮ್ಮ ಸಭೆಯಲ್ಲಿ ನಿವೃತ್ತ ಬ್ಯಾಂಕಿನವರಿದ್ದಾರೆ. ಸಾಲದ ಲೆಕ್ಕ ಬಿಡಿಸಲು ಅವರನ್ನು ಕೂರಿಸು. ಬೆಳೆಹಬ್ಬದಲ್ಲಿ ಒಂದು ಕುಂಬಳಕಾಯಿಯನ್ನು ಐದು ಸಾವಿರಕ್ಕೆ ಏಲಂ ಕೂಗುವ ಧೈರ್ಯ ನಮಗಿದೆ. ಆ ದುಡ್ಡಿನಲ್ಲಿ ಸ್ವಲ್ಪ ಹುಡುಗರ ಕೋರ್ಸಿನ ಫೀಸಿಗೆ ಹೋಗಲಿ, ದೇವಾಲಯಕ್ಕೆ ಪೇಂಟು ಮುಂದಿನ ವರ್ಷ ಬಳಿಯೋಣ.

ಇನ್ನು ನಮ್ಮ ಚರ್ಚ್ ಹಾಲ್‌ನ ವಿಷಯ. ವಾರದಲ್ಲಿ ಆರು ದಿನ ಬೀಗ. ಪರೀಕ್ಷೆಗೆ ಓದುವವರಿಗೆ ಮನೆಯಲ್ಲಿ ಮೂಲೆಯಿಲ್ಲ. ನಮ್ಮಲ್ಲಿ ಫ್ಯಾನಿದೆ, ಮೇಜಿದೆ. ಸಂಜೆ ತೆರೆದಿಡು, ಯಾವ ಜಾತಿ, ಯಾವ ಮತ ಎಂದು ಕೇಳದೆ. ಕರೆಂಟು ಬಿಲ್ಲು ಯಾರು ಕಟ್ಟುತ್ತಾರೆ ಎಂದು ಕಮಿಟಿಯಲ್ಲಿ ಗಲಾಟೆಯಾಗುತ್ತದೆ. ಆಗಲಿ. ಮೊದಲ ಮೂರು ತಿಂಗಳದ್ದು ನನ್ನ ಪಿಂಚಣಿಯಿಂದ ಬರೆದುಕೊ. ರಾತ್ರಿ ಒಂಬತ್ತಕ್ಕೆ ಬೀಗ ಹಾಕಲು ನಾನೇ ಬರುತ್ತೇನೆ, ಹೇಗೂ ನನಗೂ ನಿದ್ದೆ ಬೇಗ ಬರುವುದಿಲ್ಲ.