ಆಟದ ರಾತ್ರಿಯ ಲೆಕ್ಕ

ಶಿಕಾರಿಪುರ, ಸೊರಬ ಅಕ್ಕಪಕ್ಕದ ತಾಲ್ಲೂಕುಗಳು. ಆದರೂ ಹಾಡು ಕೂಡಿದ ನಾಟಕ ನೋಡುವ ರೂಢಿ ಎರಡರಲ್ಲೂ ಒಂದೇ ಅಲ್ಲ. ಶಿಕಾರಿಪುರದ ಗಡಿ ಹೊನ್ನಾಳಿ, ಹಿರೇಕೆರೂರಿಗೆ ತಾಗುತ್ತದೆ. ಆ ಕಡೆ ಜಾತ್ರೆ ಎಂದರೆ ಹಾರ್ಮೋನಿಯಂ, ರಂಗಗೀತೆ, ಬಣ್ಣದ ಪರದೆ. ಸೊರಬದ ಗಡಿ ಸಾಗರ, ಸಿದ್ದಾಪುರ, ಶಿರಸಿಗೆ ತಾಗುತ್ತದೆ. ಆ ಕಡೆ ಆಟ ಎಂದರೆ ಬಡಗುತಿಟ್ಟಿನ ಯಕ್ಷಗಾನ. ಎರಡನ್ನೂ ಬಿಡದೆ ನೋಡುವ ಅಭಿಮಾನಿಯ ಕೈಯಿಂದ ವರ್ಷಕ್ಕೆ ಹೋಗುವ ಹಣದಲ್ಲಿ ಟಿಕೆಟ್ಟಿನ ಪಾಲು ಚಿಕ್ಕದು. ದಾರಿಖರ್ಚು, ರಾತ್ರಿಯ ಊಟ, ಚಹಾ, ಮರುದಿನ ತಪ್ಪಿದ ಕೆಲಸ ಇವೇ ಹೆಚ್ಚಿನದನ್ನು ನುಂಗುತ್ತವೆ. ಬಣ್ಣ ಹಚ್ಚಿದವರಿಗೂ ಹಾಡಿದವರಿಗೂ ಮುಟ್ಟುವುದು ಮಾತ್ರ ಆ ಚಿಕ್ಕ ಪಾಲು. ಈ ಅಂಕಣಕಾರನ ಮನೆಯ ಖರ್ಚಿನ ಪುಸ್ತಕದಲ್ಲೂ ಇದೇ ಕಾಣುತ್ತದೆ: 'ಆಟ' ಎಂದು ಬರೆದ ಸಾಲಿನ ಕೆಳಗೆ ಪೆಟ್ರೋಲು, ಹೋಟೆಲು, ಬಾಡಿಗೆ ಎಂದು ಮೂರು ಸಾಲು ಬೆಳೆದಿರುತ್ತವೆ, ಮೂರೂ ಮೇಲಿನದಕ್ಕಿಂತ ದೊಡ್ಡವು. ರಂಗವನ್ನು ಪ್ರೀತಿಸುವವರು ಹಣ ಉಳಿಸಬೇಕಾದದ್ದು ಟಿಕೆಟ್ಟಿನಲ್ಲಿ ಅಲ್ಲ, ದಾರಿಯಲ್ಲಿ.

ಕಂಪನಿ ನಾಟಕದ ಹಣದ ವ್ಯವಸ್ಥೆ ಹಳೆಯದು. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಗುಬ್ಬಿ ವೀರಣ್ಣನವರ ಕಾಲದಲ್ಲಿ ಅದು 'ಕುರುಕ್ಷೇತ್ರ' ನಾಟಕಕ್ಕೆ ರಂಗದ ಮೇಲೆ ಆನೆ, ಕುದುರೆಗಳನ್ನೇ ತಂದಿತು. ಮುಂದೆ ಕನ್ನಡ ರಂಗಸಂಗೀತಕ್ಕೆ ಹೊಸ ದಾರಿ ತೋರಿದ ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಬಂದು ಸೇರಿದ್ದು ಇದೇ ಕಂಪನಿಯನ್ನು. ಕಂಪನಿ ಒಂದೂರಿನಲ್ಲಿ ಕ್ಯಾಂಪು ಹಾಕಿತೆಂದರೆ ಅದು ಒಂದು ದೊಡ್ಡ ಸಂಸಾರ. ನಟರು, ಹಾರ್ಮೋನಿಯಂ ಮೇಷ್ಟ್ರು, ಪರದೆ ಎಳೆಯುವವರು, ಅಡುಗೆಯವರು ಎಲ್ಲರಿಗೂ ನಾಟಕ ಇರಲಿ ಬಿಡಲಿ ದಿನವೂ ಊಟ ಹಾಕಬೇಕು. ಆ ಖರ್ಚು ಹುಟ್ಟಬೇಕಾದದ್ದು ಗಲ್ಲಾಪೆಟ್ಟಿಗೆಯಿಂದಲೇ. ನೆಲ, ಬೆಂಚು, ಕುರ್ಚಿ ಎಂದು ದರ ಬೇರೆಬೇರೆ ಇಟ್ಟಿದ್ದು ಅದಕ್ಕಾಗಿ. ಕುರ್ಚಿಯವರು ಕೊಟ್ಟ ಹೆಚ್ಚಿನ ಹಣ ನೆಲದವರ ಕಡಿಮೆ ದರವನ್ನು ಹೊತ್ತುಕೊಳ್ಳುತ್ತಿತ್ತು. 1934ರಲ್ಲಿ ಮೊದಲ ಕನ್ನಡ ಟಾಕಿ 'ಸತಿ ಸುಲೋಚನಾ' ಬಂದ ಮೇಲೆ ಒಂದು ರೀಲಿನ ಖರ್ಚಿನಲ್ಲಿ ನೂರು ಊರಿಗೆ ಹಾಡು, ಕಥೆ ಎರಡೂ ಸಿಗತೊಡಗಿದವು. ಪ್ರತಿ ರಾತ್ರಿ ಅಷ್ಟೇ ಜನ ಅಷ್ಟೇ ಹೊತ್ತು ದುಡಿಯಬೇಕಾದ ಕಂಪನಿಗೆ ಆ ಸಲೀಸು ಎಂದೂ ಬರಲಿಲ್ಲ.

ಅರ್ಥಶಾಸ್ತ್ರಜ್ಞರು ಇದಕ್ಕೆ ಕಾರಣ ಬಿಡಿಸಿ ಹೇಳಿದ್ದಾರೆ. ಅಮೆರಿಕದ ವಿಲಿಯಂ ಬೊಮೊಲ್ ಮತ್ತು ವಿಲಿಯಂ ಬೊವೆನ್ 1966ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದು ಇಷ್ಟು: ಕಾರ್ಖಾನೆಯಲ್ಲಿ ಯಂತ್ರ ಬಂದು ಒಬ್ಬರು ಹತ್ತು ಜನರ ಕೆಲಸ ಮಾಡಬಹುದು, ನಾಲ್ವರು ನುಡಿಸಬೇಕಾದ ಸಂಗೀತಕ್ಕೆ ಇಂದಿಗೂ ನಾಲ್ವರೇ ಬೇಕು, ಹೊತ್ತೂ ಅಷ್ಟೇ ಬೇಕು. ಉಳಿದೆಡೆ ಸಂಬಳ ಏರಿದಾಗ ಕಲಾವಿದರ ಸಂಭಾವನೆಯೂ ಏರಲೇಬೇಕು, ಆದರೆ ಪ್ರದರ್ಶನದ ಉತ್ಪತ್ತಿ ಏರುವುದಿಲ್ಲ. ಅಡಿಕೆ ಸುಲಿಯುವುದಕ್ಕೆ ಯಂತ್ರ ಬಂದಿದೆ. ಯಕ್ಷಗಾನದ ಹಾಡುಗಾರಿಕೆಯಾದ ಭಾಗವತಿಕೆಗೆ ಬರಲಾರದು. ಆದ್ದರಿಂದ ವರ್ಷದಿಂದ ವರ್ಷಕ್ಕೆ ಟಿಕೆಟ್ ದರ ಏರುವುದನ್ನು ಕಂಡು ಗೊಣಗುವುದಕ್ಕೆ ಅರ್ಥವಿಲ್ಲ. ಏರದಿದ್ದರೆ ಆ ಹೊರೆ ಯಾರದೋ ಸಂಬಳದ ಮೇಲೆ ಬಿದ್ದಿದೆ ಎಂದೇ ಲೆಕ್ಕ.

ಶಿಕಾರಿಪುರದ ಹಳ್ಳಿಗಳಲ್ಲಿ ಕಂಪನಿಗಿಂತ ಹೆಚ್ಚು ಕಾಣಸಿಗುವುದು ಊರವರೇ ಆಡುವ ನಾಟಕ. ಜಾತ್ರೆಗೆ ಮೊದಲು ಮೇಷ್ಟ್ರನ್ನು ಗೊತ್ತುಮಾಡಿ, ರಾತ್ರಿ ಹೊತ್ತು ಮಾತು ಮತ್ತು ಹಾಡು ಕಲಿಯುತ್ತಾರೆ. ಪರದೆ, ವಿಂಗು, ಲೈಟು ಬಾಡಿಗೆಗೆ ಬರುತ್ತವೆ. ಹೆಣ್ಣು ಪಾತ್ರಕ್ಕೆ ವೃತ್ತಿ ಕಲಾವಿದೆಯರನ್ನು ಸಂಭಾವನೆ ಕೊಟ್ಟು ಕರೆಸುತ್ತಾರೆ. ಇಲ್ಲಿ ಟಿಕೆಟ್ ಇರುವುದಿಲ್ಲ. ಹಣ ಬರುವುದು ಊರ ಪಟ್ಟಿಯಿಂದ, ಪಾತ್ರಧಾರಿಗಳು ತಮ್ಮ ಕೈಯಿಂದ ಹಾಕಿದ್ದರಿಂದ, ಮತ್ತು ಆಟದ ನಡುವೆ ಬರುವ ಆಯೇರಿಯಿಂದ. ಹಾಡು ಮುಗಿದೊಡನೆ ಯಾರೋ ಒಬ್ಬರು ಎದ್ದು ಹೋಗಿ ನೋಟು ಕೊಡುತ್ತಾರೆ. ಮೈಕಿನಲ್ಲಿ ಹೆಸರು, ಊರು, ಮೊತ್ತ ಕೂಗಲಾಗುತ್ತದೆ. ನಾಟಕ ಅಷ್ಟು ಹೊತ್ತು ನಿಲ್ಲುತ್ತದೆ. ಹೀಗೆ ನಿಲ್ಲುವುದು ರಸಕ್ಕೆ ಅಡ್ಡಿ ಎಂಬ ಮಾತಿದೆ, ಅದು ನಿಜವೂ ಹೌದು. ಆದರೆ ಹಣದ ದೃಷ್ಟಿಯಿಂದ ಇದಕ್ಕಿಂತ ನೇರವಾದ ದಾರಿ ಇನ್ನೊಂದಿಲ್ಲ. ಕೊಟ್ಟವರ ಕಣ್ಣೆದುರೇ ಅದು ಕಲಾವಿದೆಯ ಕೈ ಸೇರುತ್ತದೆ. ಅಂಕಣಕಾರನ ಅಭಿಪ್ರಾಯದಲ್ಲಿ ಟಿಕೆಟ್ ಇಲ್ಲದ ನಾಟಕಕ್ಕೆ ಹೋಗುವವರು ಟಿಕೆಟ್ ಇದ್ದಿದ್ದರೆ ಎಷ್ಟು ಕೊಡುತ್ತಿದ್ದರೋ ಅಷ್ಟನ್ನು ಆಯೇರಿಗೆಂದು ಬೇರೆ ಇಟ್ಟುಕೊಂಡು ಹೋಗಬೇಕು. ಹೆಸರು ಕೂಗುವುದು ಬೇಡವೆನಿಸಿದರೆ ಆಟ ಮುಗಿದ ಮೇಲೆ ಒಳಗೆ ಹೋಗಿ ಕೊಡಬಹುದು.

ಸೊರಬದ ಕಡೆಯ ಯಕ್ಷಗಾನದಲ್ಲಿ ಹಣ ಬೇರೆ ದಾರಿಗಳಲ್ಲಿ ಹರಿಯುತ್ತದೆ. ಒಂದು ಹರಕೆ ಆಟ: ಮಂದಾರ್ತಿಯಂತಹ ದೇವಸ್ಥಾನದ ಮೇಳಕ್ಕೆ ಒಂದು ಮನೆಯವರು ಹರಕೆ ಹೊತ್ತು ಆಡಿಸುತ್ತಾರೆ. ಸರದಿಗೆ ಹಲವು ವರ್ಷ ಕಾಯಬೇಕು, ಖರ್ಚು ಆ ಮನೆಯದು, ನೋಡುವವರಿಗೆ ಉಚಿತ. ಇನ್ನೊಂದು ಡೇರೆ ಮೇಳದ ಟಿಕೆಟ್ ಆಟ. ಸಾಲಿಗ್ರಾಮ, ಪೆರ್ಡೂರು ಮೇಳಗಳು ಇದಕ್ಕೆ ಹೆಸರಾದವು. ಸಾಲಿಗ್ರಾಮ ಮೇಳದಲ್ಲಿ ಕಾಳಿಂಗ ನಾವಡರು ಹಾಡುತ್ತಿದ್ದ ಕಾಲದಲ್ಲಿ, ಅವರೇ ಬರೆದ 'ನಾಗಶ್ರೀ' ಪ್ರಸಂಗಕ್ಕೆ ಡೇರೆ ಕಿಕ್ಕಿರಿಯುತ್ತಿದ್ದದ್ದನ್ನು ಘಟ್ಟದ ಮೇಲಿನ ಹಿರಿಯರು ಇಂದಿಗೂ ಹೇಳುತ್ತಾರೆ. 1990ರಲ್ಲಿ, ಇನ್ನೂ ಮೂವತ್ತೆರಡು ತುಂಬುವ ಮೊದಲೇ ಅಪಘಾತದಲ್ಲಿ ತೀರಿಕೊಂಡ ಆ ಭಾಗವತರ ಕಂಠಕ್ಕಾಗಿಯೇ ಜನ ಟಿಕೆಟ್ ಕೊಳ್ಳುತ್ತಿದ್ದರು. ಕುಣಿತ ನೋಡುವುದಕ್ಕಿಂತ ಹಾಡು ಕೇಳುವುದಕ್ಕೆ ಕೂರುವ ಪ್ರೇಕ್ಷಕ ಸೊರಬ, ಸಾಗರದ ಕಡೆ ಈಗಲೂ ಇದ್ದಾನೆ.

ಡೇರೆ ಆಟ ಊರಿಗೆ ಬರುವುದು ಬಹುಮಟ್ಟಿಗೆ ಕಂಟ್ರಾಕ್ಟಿನ ಮೇಲೆ. ಊರಿನ ಯುವಕ ಸಂಘವೋ ಶಾಲೆಯ ಸಮಿತಿಯೋ ಮೇಳಕ್ಕೆ ಗೊತ್ತಾದ ಮೊತ್ತ ಕೊಟ್ಟು ಒಂದು ರಾತ್ರಿಯನ್ನು ಹಿಡಿಯುತ್ತದೆ. ಆ ರಾತ್ರಿಯ ಟಿಕೆಟ್ ಹಣ ಸಂಘಟಕರದ್ದು, ನಷ್ಟವೂ ಅವರದ್ದೇ. ಬರೀ ಲೆಕ್ಕಕ್ಕೆಂದು, ಮೇಳಕ್ಕೆ ಕೊಟ್ಟದ್ದು, ಪ್ರಚಾರ, ಪರವಾನಗಿ ಎಲ್ಲ ಸೇರಿ ₹1,50,000 ಎಂದೂ ಟಿಕೆಟ್ ₹200 ಎಂದೂ ಹಿಡಿದರೆ, ಅಸಲು ಹುಟ್ಟುವುದಕ್ಕೇ 750 ಜನ ದುಡ್ಡು ಕೊಟ್ಟು ಒಳಗೆ ಬರಬೇಕು. ಗದ್ದೆ ಕೊಯ್ದ ಬಯಲಿನಲ್ಲಿ ಡೇರೆ ಎದ್ದಿರುತ್ತದೆ, ಬಾಗಿಲಲ್ಲಿ ಒಂದು ಮೇಜು, ಮೇಜಿನ ಮೇಲೆ ತಗಡಿನ ಪೆಟ್ಟಿಗೆ, ಪಕ್ಕದಲ್ಲಿ ಬಣ್ಣಬಣ್ಣದ ಟಿಕೆಟ್ ಪುಸ್ತಕ. ಒಳಗೆ ಚೆಂಡೆಯ ಅಬ್ಬರ ಶುರುವಾದರೂ ಮೇಜಿನ ಹಿಂದಿನ ಹುಡುಗರು ರಂಗಸ್ಥಳದ ಕಡೆ ತಿರುಗುವುದಿಲ್ಲ; ಅವರ ಕಣ್ಣು ರಸ್ತೆಯಲ್ಲಿ ಇಳಿಯುವ ಬೈಕಿನ ದೀಪಗಳ ಮೇಲೆ. ಆ ಹೊತ್ತಿಗೆ ಗುರುತಿನವರು ಬಂದು ಪಾಸು ಕೇಳುತ್ತಾರೆ. ಕೊಳ್ಳುವ ಶಕ್ತಿಯಿದ್ದ ನೂರು ಜನ ಪಾಸಿನಲ್ಲಿ ಒಳಗೆ ಹೋದರೆ ಮೇಲಿನ ಲೆಕ್ಕದಲ್ಲಿ ₹20,000 ಹೋಯಿತು. ಮರುವರ್ಷ ಆ ಸಂಘ ಆಟ ಹಿಡಿಯಲು ಹಿಂಜರಿಯುವುದಕ್ಕೆ ಅಷ್ಟು ಸಾಕು. ಯಕ್ಷಗಾನದ ಅಭಿಮಾನಿ ಎನ್ನಿಸಿಕೊಳ್ಳುವವರು ಪಾಸು ಕೇಳಬಾರದು, ಕೊಟ್ಟರೂ ಟಿಕೆಟ್ ಕೊಳ್ಳಬೇಕು ಎಂಬುದು ಅಂಕಣಕಾರನ ಗಟ್ಟಿ ನಿಲುವು.

ಆಟದ ಹೊತ್ತು ಬದಲಾದದ್ದು ನೋಡುವವರ ಜೇಬಿಗೂ ನೇರವಾಗಿ ತಾಗಿದೆ. ಬೆಳಗಿನವರೆಗಿನ ಆಟದಲ್ಲಿ ರಾತ್ರಿ ಕೊನೆಯ ಬಸ್ಸಿಗೆ ಹೋಗಿ, ಡೇರೆಯಲ್ಲೇ ರಾತ್ರಿ ಕಳೆದು, ಬೆಳಗಿನ ಮೊದಲ ಬಸ್ಸಿಗೆ ಮರಳಬಹುದಿತ್ತು. ಸ್ವಂತ ವಾಹನವಿಲ್ಲದ ಕೂಲಿಯವರಿಗೂ ಆಟ ಎಟುಕುತ್ತಿದ್ದದ್ದು ಹಾಗೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸಡಿಲಿಸಬಹುದು. ಇದರ ಜೊತೆಗೆ ನಿದ್ದೆಗೆಡಲು ಒಲ್ಲದ ಹೊಸ ಪ್ರೇಕ್ಷಕರೂ ಸೇರಿ ಕಾಲಮಿತಿ ಯಕ್ಷಗಾನ ಬೆಳೆಯಿತು. ಸಂಬಳದವರಿಗೆ ಇದು ಅನುಕೂಲ: ಮರುದಿನ ರಜೆ ಹಾಕಬೇಕಿಲ್ಲ. ಬಸ್ಸನ್ನೇ ನಂಬಿದವರಿಗೆ ಮಾತ್ರ ತೊಡಕು. ಆಟ ನಡುರಾತ್ರಿ ಮುಗಿದಾಗ ಸೊರಬದ ಹಳ್ಳಿಗಳ ಕಡೆ ಹೋಗುವ ಬಸ್ಸು ಇರುವುದಿಲ್ಲ; ವಾಹನ ಮಾಡಬೇಕು, ಇಲ್ಲವೇ ನೆಂಟರ ಮನೆ ಹುಡುಕಬೇಕು. ಹೊತ್ತು ಕಡಿಮೆಯಾದ ಆಟ ಬಡವರಿಗೆ ಹೆಚ್ಚು ದುಬಾರಿಯಾಗಿದೆ. ಸಂಘಟಕರು ಆಸುಪಾಸಿನ ಎರಡು ಮೂರು ಹಳ್ಳಿಗೆ ಒಂದು ಟೆಂಪೊ ಗೊತ್ತುಮಾಡಿ ಅದರ ಬಾಡಿಗೆಯನ್ನು ಟಿಕೆಟ್ಟಿನಲ್ಲೇ ಸೇರಿಸಿದರೆ ನೋಡುವವರಿಗೂ ಉಳಿತಾಯ, ಡೇರೆಯೂ ತುಂಬುತ್ತದೆ.

ದಾರಿಯ ಖರ್ಚು ಎಷ್ಟು ಏರುತ್ತದೆ ಎಂಬುದಕ್ಕೆ ಶಿಕಾರಿಪುರದಿಂದ ಶಿವಮೊಗ್ಗದ ಕುವೆಂಪು ರಂಗಮಂದಿರಕ್ಕೆ ಹೋಗಿ ಬರುವುದೇ ಸಾಕು. ಹೋಗಿ ಬರಲು ಸುಮಾರು 100 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರಿಗೆ ಏಳು ಲೀಟರಿನಷ್ಟು ಪೆಟ್ರೋಲು ಬೇಕು. ಲೀಟರಿಗೆ ₹100 ಎಂದರೂ ₹700. ಒಬ್ಬರೇ ಹೋದರೆ ಟಿಕೆಟ್ಟಿನ ಹಲವು ಪಟ್ಟು ಹಣ ರಸ್ತೆಗೆ ಹೋಯಿತು. ನಾಲ್ವರು ಕೂಡಿ ಹೋದರೆ ತಲೆಗೆ ₹175. ಬೈಕಿನಲ್ಲಿ ಇಬ್ಬರು ಹೋದರೆ ತಲೆಗೆ ₹100 ಸಾಕು, ಆದರೆ ಮಳೆ, ಮಂಜು, ನಿದ್ದೆಗಣ್ಣು ಇರುವ ರಾತ್ರಿ ಆ ಉಳಿತಾಯಕ್ಕೆ ಕೈ ಹಾಕಬಾರದು. 2023ರ ಜೂನ್ 11ರಿಂದ ಜಾರಿಯಾದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಖಾಸಗಿ ಬಸ್ಸುಗಳೇ ಹೆಚ್ಚಿರುವ ದಾರಿಗಳಲ್ಲಿ ಅದರ ಲಾಭ ಸಿಗುವುದಿಲ್ಲವಾದರೂ, ಹಗಲಿನ ಅಥವಾ ಸಂಜೆ ಬೇಗ ಮುಗಿಯುವ ಪ್ರದರ್ಶನಕ್ಕೆ ಮನೆಯ ಹೆಂಗಸರು ತಾವೇ ಗುಂಪು ಕಟ್ಟಿಕೊಂಡು ಹೋಗುವುದು ಇದರಿಂದ ಸುಲಭವಾಗಿದೆ.

ಪ್ರೇಕ್ಷಕ ನಾಟಕದ ಕಡೆ ಹೋಗುವ ಬದಲು ನಾಟಕವೇ ಪ್ರೇಕ್ಷಕನ ಕಡೆ ಬಂದರೆ ಖರ್ಚು ಇಳಿಯುತ್ತದೆ. ಸಾಗರದ ಪಕ್ಕದ ಹೆಗ್ಗೋಡಿನ ನೀನಾಸಂ 1985ರಲ್ಲಿ ತಿರುಗಾಟ ಶುರುಮಾಡಿದ್ದರ ಹಿಂದೆ ಇರುವುದು ಇದೇ ಸತ್ಯ. ಒಂದು ತಂಡ ನಾಟಕಗಳನ್ನು ಕಟ್ಟಿಕೊಂಡು ಊರೂರಿಗೆ ಹೋಗುತ್ತದೆ, ಆಯಾ ಊರಿನ ಸಂಘಟಕರು ಪ್ರದರ್ಶನಕ್ಕೆ ಹಣ ಹೊಂದಿಸುತ್ತಾರೆ. ಪು.ತಿ.ನ. ಅವರ ಗೀತನಾಟಕ 'ಗೋಕುಲ ನಿರ್ಗಮನ' ಬಿ.ವಿ. ಕಾರಂತರ ಸಂಗೀತ, ನಿರ್ದೇಶನದಲ್ಲಿ ಹಳ್ಳಿಯ ಪ್ರೇಕ್ಷಕರಿಗೂ ಸಿಕ್ಕಿದ್ದು ಇಂಥ ವ್ಯವಸ್ಥೆಯಿಂದ. ಸೊರಬದವರಿಗೆ ಹೆಗ್ಗೋಡು ದೂರವಲ್ಲ; ತಿರುಗಾಟದ ನಾಟಕಗಳು ಹೊರಡುವ ಮೊದಲು ಅಲ್ಲಿಯ ಶಿವರಾಮ ಕಾರಂತ ರಂಗಮಂದಿರದಲ್ಲೇ ಆಗುತ್ತವೆ. ಕೊಟ್ಟ ಹಣಕ್ಕೆ ಸಿಗುವ ಸುಖವನ್ನು ತೂಗಿದರೆ ಈ ಸೀಮೆಯಲ್ಲಿ ಇದಕ್ಕೆ ಸಮನಾದುದು ಅಂಕಣಕಾರನಿಗೆ ಕಂಡಿಲ್ಲ. ಮುಂಬೈಯ ದೊಡ್ಡ ಸಭಾಂಗಣಗಳಿಗೆ ವಿದೇಶದ ಸಂಗೀತನಾಟಕಗಳು ಬರತೊಡಗಿವೆ. ಮಲೆನಾಡಿನಿಂದ ಅಲ್ಲಿಗೆ ಹೋಗಿ, ಉಳಿದು, ನೋಡಿ ಬರುವ ಒಂದು ಸಲದ ಖರ್ಚಿನಲ್ಲಿ ಇಡೀ ಮನೆಯವರಿಗೆ ಒಂದು ಋತುವಿನ ಆಟ, ನಾಟಕ ಎಲ್ಲವೂ ಆಗುತ್ತದೆ.

ಹಣ ಕೂಡಿಡುವುದಕ್ಕೆ ಋತುವೇ ದಾರಿ ತೋರಿಸುತ್ತದೆ. ಮೇಳಗಳು ದೀಪಾವಳಿಯ ಆಸುಪಾಸಿನಲ್ಲಿ ಹೊರಟು ಮೇ ಕೊನೆಯವರೆಗೆ ತಿರುಗುತ್ತವೆ; ಜಾತ್ರೆಯ ನಾಟಕಗಳೂ ಅದರ ನಡುವೆಯೇ ಬರುತ್ತವೆ. ಸಂಬಳದವರು ಜೂನ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೆ ₹500 ಬೇರೆ ಇಟ್ಟರೆ ಋತು ತೆರೆಯುವ ಹೊತ್ತಿಗೆ ₹2,500 ಕೈಯಲ್ಲಿರುತ್ತದೆ. ಅಡಿಕೆ ಬೆಳೆಗಾರರಿಗೆ ಮಳೆಗಾಲವೇ ಕೈ ಬರಿದಾಗುವ ಕಾಲ. ಕೊಯ್ಲು ಮುಗಿದು ಅಡಿಕೆ ಸಹಕಾರ ಸಂಘ ಮ್ಯಾಮ್‌ಕೋಸ್‌ನ ಮಂಡಿಯಿಂದ ಹಣ ಬಂದ ದಿನವೇ ವರ್ಷದ ಆಟದ ಪಾಲನ್ನು ತೆಗೆದಿಡುವುದು ಅವರಿಗೆ ಹೊಂದುತ್ತದೆ. ಸಾಲ ಮಾಡಿ ಹರಕೆ ಆಟ ಆಡಿಸುವುದು ಬೇಡ. ಸರದಿ ಬರಲು ವರ್ಷಗಳಿರುವಾಗ ಹರಕೆ ಹೊತ್ತ ದಿನದಿಂದಲೇ ಅಂಚೆ ಕಚೇರಿಯ ಐದು ವರ್ಷದ ಆರ್.ಡಿ. ಶುರುಮಾಡಬಹುದು, ಅದಕ್ಕೆ ತಿಂಗಳಿಗೆ ₹100 ಇದ್ದರೂ ನಡೆಯುತ್ತದೆ.

ತೆರಿಗೆಯ ವಿಷಯದಲ್ಲಿ ಪ್ರೇಕ್ಷಕರಿಗೆ ಭಯ ಬೇಡ. ನಾಟಕ, ನೃತ್ಯ, ಸರ್ಕಸ್ ಟಿಕೆಟ್ ತಲೆಗೆ ₹500 ಮೀರದಿದ್ದರೆ ಅದರ ಮೇಲೆ ಜಿ.ಎಸ್.ಟಿ. ಇಲ್ಲ. ಜಾನಪದ ಅಥವಾ ಶಾಸ್ತ್ರೀಯ ಪ್ರಕಾರದ ಕಲಾವಿದರು ಒಂದು ಪ್ರದರ್ಶನಕ್ಕೆ ಪಡೆಯುವ ಸಂಭಾವನೆ ₹1,50,000 ಒಳಗಿದ್ದರೆ ಅದಕ್ಕೂ ವಿನಾಯಿತಿಯಿದೆ. ರಂಗಸಂಸ್ಥೆಗೆ ದೇಣಿಗೆ ಕೊಡುವವರು ಆ ಸಂಸ್ಥೆಗೆ ಆದಾಯ ತೆರಿಗೆಯಲ್ಲಿ ಕಡಿತ ಕೊಡಿಸುವ 80ಜಿ ಮನ್ನಣೆ ಇದೆಯೇ ಎಂದು ಮೊದಲು ಕೇಳಬೇಕು. ₹2,000ಕ್ಕಿಂತ ಹೆಚ್ಚಿನದನ್ನು ನಗದಾಗಿ ಕೊಟ್ಟರೆ ಆ ಲಾಭ ಸಿಗದು. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಹೇಗೂ ಇಲ್ಲ.

ಮಳೆಗಾಲಕ್ಕೆ ಉಳಿಯುವುದು ಯಕ್ಷಗಾನದ ಹಾಡು, ಮಾತು ಮಾತ್ರ ಇರುವ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಡೇರೆಯೂ ಬೇಡ. ಭಾಗವತರು, ಮದ್ದಳೆ, ಚೆಂಡೆ, ಕೆಲವು ಅರ್ಥಧಾರಿಗಳು, ಕೂರಲು ಒಂದು ಜಗಲಿ ಅಥವಾ ದೇವಸ್ಥಾನದ ಪೌಳಿ. ಖರ್ಚು ಎಂದರೆ ಕಲಾವಿದರ ಸಂಭಾವನೆ, ಅವರು ಬಂದುಹೋಗುವ ವಾಹನ, ಸೇರಿದವರಿಗೆಲ್ಲ ಊಟ. ನಾಲ್ಕೈದು ಮನೆಯವರು ಕೂಡಿ ಹಂಚಿಕೊಂಡರೆ ಒಂದೊಂದು ಮನೆಯ ಪಾಲು ಸಂಸಾರ ಸಮೇತ ಶಿವಮೊಗ್ಗಕ್ಕೆ ಹೋಗಿ ನಾಟಕ ನೋಡಿ ಬರುವ ಖರ್ಚನ್ನು ಬಹಳ ಮೀರುವುದಿಲ್ಲ, ಮತ್ತು ಅದರಲ್ಲಿ ದೊಡ್ಡ ಭಾಗ ಕಲಾವಿದರಿಗೇ ಸೇರುತ್ತದೆ. ಸಂಭಾವನೆಯನ್ನು ಮೊದಲೇ ಮಾತಾಡಿ, ಆ ರಾತ್ರಿಯೇ ಪೂರ್ತಿ ಕೊಟ್ಟು ಕಳಿಸಬೇಕು.